ಮೈಕಮ್ಮನ ದನಿ

ಬಸ್ ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ಮೈಕಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಅದೇ ಗಾಜಿನ ಕೋಣೆ, ಅದೇ ಕಿರುಗುಟ್ಟುವ ಕುರ್ಚಿ, ಮುಂದೆ ಕತ್ತು ಬಗ್ಗಿಸಿದ ಮೈಕು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾರ ಮಗು ವಿಚಾರಣೆ ಕಿಟಕಿಯ ಹತ್ತಿರ ಅಳುತ್ತ ಕೂತಿದೆ ಎಂದು ಅವಳು ಹೇಳುತ್ತಿದ್ದ ರೀತಿಗೆ, ಬಸ್ಸು ತಪ್ಪಿಸಿಕೊಂಡವರ ಸಿಟ್ಟೂ ಅರ್ಧ ಇಳಿಯುತ್ತಿತ್ತು. ಗಂಡನ ಹೊಲಿಗೆ ಅಂಗಡಿ ರಸ್ತೆಯ ಆಚೆ ಬದಿಗೆ. ಅವನು ದಿನವಿಡೀ ಹೆಂಡತಿಯ ದನಿ ಕೇಳುತ್ತಲೇ ಮೆಷಿನ್ ತುಳಿಯುತ್ತಿದ್ದ.

ಒಂದು ಚಳಿಗಾಲ ಅವಳಿಗೆ ಶೀತವಾಯಿತು. ಶೀತ ವಾರದಲ್ಲಿ ಹೋಯಿತು, ಕಟ್ಟಿದ ಗಂಟಲು ಬಿಡಲಿಲ್ಲ. ಟಿಕೆಟ್ ಕೌಂಟರಿನವನು ಉಪ್ಪುನೀರು ಮುಕ್ಕಳಿಸು ಅಂದ, ಗುಡಿಸುವವಳು ಜೇನು ನೆಕ್ಕು ಅಂದಳು, ಕಂಡಕ್ಟರೊಬ್ಬ ಜೇಬಿನಿಂದ ಕರಿಮೆಣಸೇ ತೆಗೆದುಕೊಟ್ಟ. ನಿಲ್ದಾಣದಲ್ಲಿ ಬಸ್ಸಿಗಿಂತ ವೈದ್ಯರೇ ಹೆಚ್ಚಾದರು.

ಅತ್ತೆ ಮಾತ್ರ ಬೇರೆ ಮಾತಾಡಿದರು. “ಶೀತ ಹೋಗಿ ಎರಡು ತಿಂಗಳಾಯ್ತು ಕಣಮ್ಮ. ದನಿ ಯಾಕೆ ಇನ್ನೂ ಬಂದಿಲ್ಲ? ಡಾಕ್ಟರಿಗೆ ತೋರಿಸು.”

“ನೋವೇ ಇಲ್ಲ ಅಂದ್ಮೇಲೆ ಏನು ತೋರಿಸ್ಲಿ ಅತ್ತೆ? ಮಾತಾಡಿ ಮಾತಾಡಿ ಸವೆದಿದೆ. ರಜೆ ಸಿಗ್ಲಿ, ನೋಡೋಣ.”

ರಜೆ ಸಿಕ್ಕಿತು. ಅದರಲ್ಲಿ ಅವಳು ಅಟ್ಟ ಸ್ವಚ್ಛ ಮಾಡಿದಳು. ಐದನೇ ತಿಂಗಳು ನುಂಗುವಾಗ ಏನೋ ಚುಚ್ಚಿದಂತಾಗಿ, ಕೊನೆಗೂ ಆಸ್ಪತ್ರೆಗೆ ಹೋದಳು.

ಗಂಟಲಿನ ಡಾಕ್ಟರಮ್ಮ ಮೂಗಿನಿಂದ ಸಣ್ಣ ದೀಪದ ಕೊಳವೆ ಇಳಿಸಿ, “ಈ... ಅನ್ನಿ” ಎಂದರು. ಪರದೆಯ ಮೇಲೆ ದನಿ ಹೊರಡಿಸುವ ಎರಡು ಬಿಳಿ ಪಟ್ಟಿಗಳು ಕೂಡಿ ಬಿಡುತ್ತಿದ್ದವು. ಒಂದರ ಮೇಲೆ ತರಿತರಿಯಾದ ಗಡ್ಡೆ. ಇಷ್ಟು ವರ್ಷ ತನ್ನ ಅನ್ನ ದುಡಿದವು ಇವೇನಾ ಎಂದು ಅವಳು ಬೆರಗಾಗಿ ನೋಡಿದಳು.

“ಎಷ್ಟು ದಿನದಿಂದ ಹೀಗಿದೆ?”

“ಐದು ತಿಂಗಳು.”

ಡಾಕ್ಟರು ಗದರಲಿಲ್ಲ. “ದನಿ ಕೂತು ಮೂರು ವಾರ ದಾಟಿದ್ರೆ ಒಂದ್ಸಲ ತೋರಿಸ್ಬೇಕು. ಬಹಳ ಜನಕ್ಕೆ ದೊಡ್ಡದೇನೂ ಇರಲ್ಲ, ಆದ್ರೆ ನೋಡದೆ ಗೊತ್ತಾಗಲ್ಲ. ಉಸಿರಾಟ ಕಷ್ಟ ಆದ್ರೆ, ಕತ್ತಲ್ಲಿ ಗಂಟು ಸಿಕ್ಕಿದ್ರೆ, ಉಗುಳಲ್ಲಿ ರಕ್ತ ಕಂಡ್ರೆ ಮೂರು ವಾರಾನೂ ಕಾಯ್ಬಾರ್ದು.”

“ನಾನು ಬೀಡಿ ಸಿಗರೇಟು ಕಂಡವಳೇ ಅಲ್ಲ ಮೇಡಂ.”

“ಅಪರೂಪಕ್ಕೆ ಅಂಥವರಿಗೂ ಕ್ಯಾನ್ಸರ್ ಬರುತ್ತೆ.”

ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಎಂದೇ ಬಂತು. ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ಒಂದು ಪಟ್ಟಿಯ ಬಹುಭಾಗ ಹೋಯಿತು. ಬಾಯಿ ತೆರೆದರೆ ಒಣ ಎಲೆ ಉಜ್ಜಿದಂಥ ಉಸಿರುಮಾತು. ಮೊದಲೇ ಬಂದಿದ್ದರೆ ಇಷ್ಟು ಕತ್ತರಿಸಬೇಕಾಗುತ್ತಿರಲಿಲ್ಲವೇ ಎಂದು ಅವಳು ಕೇಳಿದಳು. ಡಾಕ್ಟರು ಸುಳ್ಳು ಹೇಳಲಿಲ್ಲ.

ನಿಲ್ದಾಣದಲ್ಲಿ ಅವಳಿಗೆ ಕಳೆದುಹೋದ ಸಾಮಾನಿನ ಕೋಣೆ ಕೊಟ್ಟರು. ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ಕೂತು ಅವಳು ಹೊಸ ಹುಡುಗಿಯ ಪ್ರಕಟಣೆ ಕೇಳುತ್ತಿದ್ದಳು. ಹುಡುಗಿ ಚೆನ್ನಾಗಿಯೇ ಹೇಳುತ್ತಿದ್ದಳು. ಆದರೂ ಪ್ರತಿ ಸಲ ಮೈಕ್ ಕಿರ್ರೆಂದಾಗ ಮೈಕಮ್ಮನ ಬೆನ್ನು ನೆಟ್ಟಗಾಗುತ್ತಿತ್ತು, ತುಟಿ ತಾನೇ ಅಲುಗುತ್ತಿತ್ತು. ಅಷ್ಟು ವರ್ಷದ ದನಿಯನ್ನು ಯಾರೂ ಒಂದು ಸಲವೂ ರೆಕಾರ್ಡ್ ಮಾಡಿಟ್ಟಿರಲಿಲ್ಲ. ದಿನಾ ಇರುವುದನ್ನು ಯಾರು ಕಟ್ಟಿಡುತ್ತಾರೆ?

ಒಂದು ದಿನ ಪೇಪರ್ ಮಾರುವವನು ಮರೆತ ಚೀಲ ಕೇಳಿಕೊಂಡು ಬಂದ. ದನಿ ಗೊಗ್ಗರು.

“ಎಷ್ಟು ದಿನ ಆಯ್ತು ಹೀಗಾಗಿ?”

“ಒಂದು ತಿಂಗಳಿರ್ಬೇಕು ಅಕ್ಕ. ಕೂಗಿ ಕೂಗಿ, ಅಷ್ಟೇ.”

“ನಾನೂ ಹೀಗೇ ಅಂದಿದ್ದೆ. ನಡಿ, ಈಗಲೇ ಆಸ್ಪತ್ರೆಗೆ ಹೋಗೋಣ.” ಬೀಗ ಹಾಕಿ ಅವನನ್ನು ಎಳೆದುಕೊಂಡೇ ಹೋದಳು.

ಅವನಿಗೆ ಬಂದಿದ್ದು ಕೂಗಾಟದ ಸಣ್ಣ ಗಂಟು. ಕೆಲವು ವಾರ ದನಿಗೆ ವಿಶ್ರಾಂತಿ, ಸ್ವಲ್ಪ ಅಭ್ಯಾಸ, ಸರಿಹೋಯಿತು. ಮತ್ತೆ ಅವಳ ಕಿಟಕಿಯ ಕೆಳಗೇ ಗಂಟೆ ಬಾರಿಸಿದಂತೆ ಕೂಗತೊಡಗಿದ. ಅವಳಿಗೆ ಖುಷಿಯಾಯಿತು, ಹೊಟ್ಟೆಕಿಚ್ಚೂ ಆಯಿತು. ಆ ದಿನ ಕಿಟಕಿ ಮುಚ್ಚಿ ಅತ್ತಳು.

ಮರುದಿನ ಬೆಳಿಗ್ಗೆ ಸೂಜಿಗೆ ದಾರ ಪೋಣಿಸುತ್ತ ಗಂಡ ಹೇಳಿದ, “ಕನಸಲ್ಲಿ ನಿನ್ನ ದನಿ ಕೇಳಿದೆ ಕಣೇ.”

“ಹಳೇದಾ?”

“ಹಳೇದೇ.”

“ಏನು ಹೇಳ್ತಿದ್ದೆ?”

“ಬಯ್ತಿದ್ದೆ. ಒಲೆ ಮೇಲೆ ಹಾಲಿಟ್ಟು ಎಲ್ಲಿ ಹೋದ್ರಿ ಅಂತ.”

ಅವಳು ನಕ್ಕಳು. ಆಮೇಲೆ ಅವನ ಪಕ್ಕ ಬಂದು ಕೂತು ಕೇಳಿದಳು, “ಇನ್ನೊಂದ್ಸಲ ಹೇಳಿ. ಹೇಗೆ ಬಯ್ತಿದ್ದೆ?”