ಕೆಲಸ ಕೇಳುವ ಕಾಗದ

ಬಾಯಿಬಿಟ್ಟು ಕೆಲಸ ಕೇಳಲು ನನಗೆ ಬಹಳ ಸಂಕೋಚ. ಕೆಲಸ ಕೇಳಲೆಂದು ಅಂಗಡಿಯ ಮೆಟ್ಟಿಲು ಹತ್ತಿ, ಬೇಡದ ಸಾಮಾನು ಕೊಂಡುಕೊಂಡು ಇಳಿದುಬರುವ ಜಾತಿ ನನ್ನದು. ಆದರೆ ಕೈಗೊಂದು ಲೇಖನಿ ಕೊಟ್ಟು ನೋಡಿ. ನನ್ನಂಥ ಧೈರ್ಯವಂತ ಗದಗ, ಬೆಟಗೇರಿ ಎರಡೂ ಕಡೆ ಹುಡುಕಿದರೂ ಸಿಗಲಾರ.

ಸ್ವಾತಂತ್ರ್ಯ ಬಂದ ಹೊಸತು. ಗದಗಿನಲ್ಲಿ ಚಿತ್ರಕಲೆ ಕಲಿತ ನಾನು, ಯಾರ ಕೈಕೆಳಗೂ ದುಡಿಯದೆ ಅಂಗಡಿಗಳ ಬೋರ್ಡು ಬರೆದೇ ಬದುಕುತ್ತೇನೆಂದು ಮನೆಯಲ್ಲಿ ಸಾರಿಬಿಟ್ಟಿದ್ದೆ. ಅಪ್ಪನಿಗೆ ಹತ್ತಿಯ ಅಡತಿ ಅಂಗಡಿಯವರ ಪರಿಚಯವಿತ್ತು. "ದೀಪಾವಳಿ ತನಕಾ ನಿನ್ನ ಬಣ್ಣದಾಟ ನೋಡ್ತೀನಿ. ಆಮ್ಯಾಲ ಸುಮ್ಮ ಗುಮಾಸ್ತಿಕಿಗೆ ಹೊಂಟಬಿಡು" ಎಂದ.

ನಾನು ಮೂರು ಪುಟದ ವಿನಂತಿ ಪತ್ರವೊಂದನ್ನು ರಚಿಸಿ, ನಕಲು ಮಾಡಿ, ಸುತ್ತಲಿನ ಊರುಗಳ ವರ್ತಕರಿಗೆಲ್ಲ ಅಂಚೆಗೆ ಹಾಕಿದೆ. ಅದರಲ್ಲಿ ಉಷಃಕಾಲವಿತ್ತು, ಕಾಮನಬಿಲ್ಲಿತ್ತು, ಬಾಲ್ಯದಿಂದ ಕಲೆಗಾಗಿ ತುಡಿದ ನನ್ನ ಹೃದಯವಿತ್ತು. ಒಂದೊಂದು ವಾಕ್ಯವೂ ಮುಳಗುಂದದ ರಸ್ತೆಯಷ್ಟು ಉದ್ದ. ಉತ್ತರ ಮಾತ್ರ ಯಾವ ಊರಿನಿಂದಲೂ ಬರಲಿಲ್ಲ.

ದೀಪಾವಳಿ ಹತ್ತಿರವಾದಾಗ ತಡೆಯಲಾರದೆ ಲಕ್ಷ್ಮೇಶ್ವರಕ್ಕೆ ಹೋದೆ. ನಾನು ಪತ್ರ ಬರೆದಿದ್ದ ಅರಿವೆ ವ್ಯಾಪಾರಿ ಖಾದರಸಾಬರ ಅಂಗಡಿಯಲ್ಲಿ, ನನ್ನ ಪದ್ಧತಿಯಂತೆ, ಅಂಗಿಗೆ ಬಟ್ಟೆ ಅಳೆಸಿ ಹರಿಸಿದೆ. ಪಾವತಿ ಚೀಟಿಗೆಂದು ಅವರು ಹೆಸರು ಕೇಳಿದರು. ಹೇಳಿದೆ. ಸಾಹೇಬರು ಗಾದಿಯಿಂದ ಎದ್ದೇಬಿಟ್ಟರು.

"ಯಾ ಅಲ್ಲಾ! ಕಾಮನಬಿಲ್ಲಿನ ಕಾಗದ ಬರದಾವ್ರು ನೀವ ಏನ್ರಿ? ಬರ್ರಿ, ಮ್ಯಾಲ ಕುಂಡ್ರಿ!"

ಸಂಜೆ ಚಹಾದ ಹೊತ್ತಿಗೆ ಶಾಲೆಯ ಮಾಸ್ತರರೊಬ್ಬರು ನನ್ನ ಪತ್ರವನ್ನು ರಾಗವಾಗಿ ಓದುವುದು, ಪೇಟೆಯ ನಾಲ್ಕು ಜನ ಕೂಡಿ ಕೇಳುವುದು ಅಲ್ಲಿ ರೂಢಿಯೇ ಆಗಿತ್ತಂತೆ. "ಭಾಳ ಚಲೋ ಬರದೀರಿ. ಹೃದಯದ ಮಾತ ಬಂದಕೂಡ್ಲೆ ನಮ್ಮ ಮಂದಿ ವಾಹ್ ಅಂತಾರ" ಎಂದು ಖಾದರಸಾಬರು ಚಹಾ ತರಿಸಿದರು. ಆಮೇಲೆ ದನಿ ತಗ್ಗಿಸಿ, "ತಪ್ಪ ತಿಳೀಬ್ಯಾಡ್ರಿ. ಒಂದ ಮಾತ ಯಾರಿಗೂ ತಿಳೀವಲ್ದು. ನೀವು ಮಾಡೂ ಕೆಲಸ ಏನ್ರಿ?" ಎಂದರು.

ಮೂರು ಪುಟಗಳಲ್ಲಿ ಬೋರ್ಡು ಎಂಬ ಶಬ್ದವೇ ಇರಲಿಲ್ಲ! ಅದು ಬಂದರೆ ಶೈಲಿ ಕೆಡುತ್ತದೆಂದು ಬಿಟ್ಟಿದ್ದೆ. ವಿಷಯ ತಿಳಿದ ಸಾಹೇಬರು ತೊಡೆ ತಟ್ಟಿಕೊಂಡು ನಕ್ಕರು. "ಇಷ್ಟ ಹೌದಲ್ರಿ! ಮರಾಠಿ ರಾಜರ ಸಂಸ್ಥಾನ ಹೋತು, ನಮ್ಮ ಬೋರ್ಡ ಇನ್ನೂ ಮರಾಠಿ ಮಾತಾಡಾಕ ಹತ್ತೇತಿ. ಚಂದಾಗಿ ಕನ್ನಡದಾಗ ಬರದ ಕೊಡ್ರಿ."

ಹಾಗೆ ಮೊದಲ ಕೆಲಸ ಸಿಕ್ಕಿತು. ನನ್ನ ಉಗುರಿಗೆ ಮೆತ್ತಿದ ಹಸಿರು ಬಣ್ಣ ನೋಡಿ ಅಪ್ಪ ಗುಮಾಸ್ತಿಕಿಯ ಮಾತೆತ್ತಲಿಲ್ಲ.

ಲಕ್ಷ್ಮೇಶ್ವರದಲ್ಲಿ ಆ ಬೋರ್ಡಿನ ಬಣ್ಣ ಒಣಗುವವರೆಗೆ ನಾನು ಊರಿನ ಗುಡಿ, ಬಸದಿಗಳ ಶಾಸನಗಳನ್ನು ನೋಡುತ್ತ ತಿರುಗಿದ್ದೆ. ಅವನ್ನು ರಚಿಸಿದವರೂ ಪರರಿಗೆ ಬರೆದುಕೊಟ್ಟು ಬದುಕಿದವರೇ ತಾನೆ? ಅವರೂ ಬಿರುದಿನ ಮೇಲೆ ಬಿರುದು ಹೇರುತ್ತಾರೆ, ಆದರೆ ದಾನ ಕೊಟ್ಟವನ ಮೇಲೆ. ತಮ್ಮ ಹೆಸರು, ಹಾಕಿಕೊಂಡರೆ, ಕಟ್ಟಕಡೆಗೆ. ನಾನೋ ಎಲ್ಲ ಬಿರುದುಗಳನ್ನೂ ನನಗೇ ಕೊಟ್ಟುಕೊಂಡು, ಗಿರಾಕಿಯನ್ನು ಲಕೋಟೆಯ ಮೇಲಷ್ಟೇ ಕೂರಿಸಿದ್ದೆ.

ಬುದ್ಧಿ ಬಂತು, ಆದರೆ ಸ್ವಲ್ಪ ಹೆಚ್ಚೇ ಬಂತು. ಶಿರಹಟ್ಟಿಯ ಔಷಧಿ ಅಂಗಡಿಯೊಂದಕ್ಕೆ ಅತಿ ಚಿಕ್ಕದಾಗಿ ಬರೆದೆ: "ತಮ್ಮ ಬೋರ್ಡು ಜೀರ್ಣವಾಗಿದೆ. ಬದಲಿಸತಕ್ಕದ್ದು. ಸೋಮವಾರ ಬರುತ್ತೇನೆ." ಸೋಮವಾರ ಹೋದರೆ ಬೋರ್ಡೇ ಇಲ್ಲ. ಮಾಲೀಕರು ಕೋಟು ತೊಟ್ಟು, ಕೈಮುಗಿದು ಬಾಗಿಲಲ್ಲಿ ನಿಂತಿದ್ದಾರೆ. "ಇಳಿಸೇವ್ರಿ ಸಾಹೇಬ್ರ, ನಿನ್ನೇನ ಇಳಿಸೇವಿ!" ನಾನು ಬಗಲಚೀಲದಿಂದ ಬಣ್ಣದ ಡಬ್ಬಿ ತೆಗೆದು ತೋರಿಸಿದೆ. ಅವರು ಡಬ್ಬಿ ನೋಡಿದರು, ಬೋಳು ಗೋಡೆ ನೋಡಿದರು, ನಗುತ್ತ ನಗುತ್ತ ಕಟ್ಟೆಯ ಮೇಲೆ ಕುಸಿದರು. "ಸರಕಾರದವ್ರಂತ ತಿಳದು ರಾತ್ರಿ ನಿದ್ದಿ ಮಾಡಿಲ್ಲಲೇ ಮಾರಾಯ! ಹ್ಯಾಂಗೂ ಗ್ವಾಡಿ ಖಾಲಿ ಆಗೇತಿ, ಬರದಬಿಡು."

ಸರಿಯಾದ ಕಾಗದ ಬರೆಯುವಷ್ಟರಲ್ಲಿ ಏಕೀಕರಣದ ವರ್ಷ ಬಂದಿತ್ತು. ಮುಂಡರಗಿಯ ಒಂದು ಸಂದಿಯಲ್ಲಿ ಗಂಗವ್ವನ ಖಾನಾವಳಿ. ಈ ಸಲ ಮೊದಲು ಅಲ್ಲಿ ಕೂತು ಉಂಡೆ, ಕಣ್ಣುಬಿಟ್ಟು ನೋಡಿದೆ, ಆಮೇಲೆ ಅಲ್ಲೇ ಬರೆದು ಕೈಗೆ ಕೊಟ್ಟೆ: "ಗಂಗವ್ವನವರೆ, ನಿಮ್ಮ ರೊಟ್ಟಿ ಬಡಿಯುವ ಸಪ್ಪಳ ರಸ್ತೆಗೆ ಕೇಳುತ್ತದೆ. ಆದರೆ ಬಸ್ಸಿಳಿದವರು ಬಾಗಿಲು ತಿಳಿಯದೆ ಪಕ್ಕದ ಬಡಿಗೇರ ಮನೆಗೆ ಹೋಗುತ್ತಾರೆ. ರಸ್ತೆಗೆ ಕಾಣುವಂತೆ ಬೋರ್ಡು ಬರೆದುಕೊಡಲೆ?"

ಓದು ಬಾರದ ಗಂಗವ್ವನಿಗೆ ಅದನ್ನು ಓದಿ ಹೇಳಿದ್ದು ಆ ಬಡಿಗೇರ ಮನೆಯಾಕೆಯೇ. "ಖರೇನ ಬರದಾನ ನೋಡ! ನಿನ್ನಿ ಒಬ್ಬಾಂವ ನಮ್ಮ ಪಡಸಾಲ್ಯಾಗ ಕುಂತು ಪಲ್ಯಾ ಕೇಳಿದ" ಎಂದು ಆಕೆ ನಕ್ಕಳು. ಗಂಗವ್ವ "ಆತು ತಮ್ಮಾ, ಬರಿ" ಎಂದಳು.

"ಗಂಗವ್ವನ ಖಾನಾವಳಿ. ಊಟ ಇಲ್ಲಿದೆ" ಎಂದು ದಪ್ಪ ಅಕ್ಷರದಲ್ಲಿ ಬರೆದು, ಹೊಸ ರಾಜ್ಯ ಉದಯವಾಗುವ ದಿನ ಬೆಳಿಗ್ಗೆ ಸಂದಿಯ ಬಾಯಿಗೆ ಕಟ್ಟಿದೆ. ಮಧ್ಯಾಹ್ನ ಜೈಕಾರ ಹಾಕುತ್ತ ಬಂದ ಮೆರವಣಿಗೆ ಬೋರ್ಡು ಓದಿತು, ಅನಾಮತ್ತಾಗಿ ಸಂದಿಗೆ ತಿರುಗಿತು. ನೋಡನೋಡುತ್ತ ರೊಟ್ಟಿ ಮುಗಿದವು. ಗಂಗವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದಳು.

"ಲೇ ತಮ್ಮಾ, ನನ್ನ ಕೈಲೆ ಆಗೂದಿಲ್ಲೋ! ಆ ಬೋರ್ಡ ಇಳಸು!"

ನಾನು ಹಗ್ಗಕ್ಕೆ ಕೈಹಾಕಿದ್ದೇ ತಡ, ಜನ ಅಬ್ಬರಿಸಿದರು. "ಇವತ್ತ ಕನ್ನಡದ ಬೋರ್ಡ ಇಳಸ್ತೀಯೇನಲೇ?"

ಬೋರ್ಡು ಇಳಿಯಲಿಲ್ಲ. ಬಡಿಗೇರ ಮನೆಯಿಂದ ಹಿಟ್ಟು ಬಂತು. ಗಂಗವ್ವ ನನ್ನನ್ನೂ ರಟ್ಟೆ ಹಿಡಿದು ಒಲೆಯ ಮುಂದೆ ಕೂರಿಸಿದಳು. ನಾನು ಬಡಿದ ರೊಟ್ಟಿಗಳಿಗೆ ಮೂಲೆಗಳಿದ್ದವು, ಕೆಲವಕ್ಕೆ ಬಾಲವೂ ಇತ್ತು. ಆದರೂ ಹೊರಗಿನಿಂದ ಒಂದು ತಕರಾರೂ ಬರಲಿಲ್ಲ. ಬರುವುದಾದರೂ ಹೇಗೆ? ಊಟ ಇದೆ ಎಂದಷ್ಟೇ ನಾನು ಬರೆದದ್ದು. ರೊಟ್ಟಿ ದುಂಡಗಿದೆ ಎಂದು ಎಲ್ಲಿಯೂ ಬರೆದಿರಲಿಲ್ಲ.