ಅಕ್ಷತಾಳ ರಿಪೋರ್ಟು, ನನ್ನ ಹೊಟ್ಟೆಕಿಚ್ಚು

ಹೋದ ವರ್ಷದ ಬೇಸಿಗೆಯ ಮಾತು. ನಾಗಪುರದವರು ಹೆದರಿ ಹೆದರಿ ಕಾಯುವ ನೌತಪಾ, ಅಂದರೆ ಬಿಸಿಲು ತಲೆ ಸುಡುವ ಆ ಒಂಬತ್ತು ದಿನ, ಇನ್ನೇನು ಶುರುವಾಗುವುದರಲ್ಲಿತ್ತು. ಸದರ್‌ನಲ್ಲಿರುವ ನಮ್ಮ ಚಿಕ್ಕ ಸಾಫ್ಟ್‌ವೇರ್ ಕಂಪನಿಯ ಕೂಲರ್ ನೀರು ಎಳೆಯುವುದನ್ನು ನಿಲ್ಲಿಸಿ ಬರೀ ಬಿಸಿಗಾಳಿ ಊದುತ್ತಿತ್ತು. ಎಲ್ಲರೂ ಕೂಲರನ್ನು ಬೈಯುತ್ತಿದ್ದರು. ನಾನು ಮಾತ್ರ ಮನಸ್ಸಿನಲ್ಲೇ ಅಕ್ಷತಾಳನ್ನು ಬೈಯುತ್ತಿದ್ದೆ.

ನಾನು ಹುಟ್ಟಿ ಬೆಳೆದದ್ದು ನಾಗಪುರದಲ್ಲೇ. ಅಪ್ಪ ಬಾಗಲಕೋಟೆ ಕಡೆಯವರು, ಆರ್ಡ್ನೆನ್ಸ್ ಫ್ಯಾಕ್ಟರಿಯ ಕೆಲಸಕ್ಕೆ ಬಂದು ಇಲ್ಲಿಯವರೇ ಆಗಿಬಿಟ್ಟರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಕಂಪನಿಯಲ್ಲಿ ನಾನು ಎಲ್ಲರಿಗಿಂತ ಹಳಬಳು. ಅಕ್ಷತಾ ಧಾರವಾಡದ ಹುಡುಗಿ. ಗಂಡನಿಗೆ ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಕೆಲಸ ಸಿಕ್ಕಿದ್ದರಿಂದ ಈ ಊರಿಗೆ ಬಂದವಳು. ನಮ್ಮಲ್ಲಿ ಸೇರಿ ವರ್ಷವೂ ಆಗಿರಲಿಲ್ಲ.

ಬಂದ ದಿನವೇ ನನ್ನ ಹತ್ತಿರ ಓಡಿಬಂದು, "ನೀವು ನಮ್ಮ ಕಡೆಯವರಂತ ಕೇಳಿ ಜೀವಕ್ಕ ಹಗುರಾತು ನೋಡ್ರಿ ಅಕ್ಕಾರ" ಅಂದಿದ್ದಳು. ನನಗೂ ಖುಷಿಯೇ ಆಗಿತ್ತು. ಆ ಖುಷಿ ಒಂದು ವಾರ ಬಾಳಿತು. ಆಮೇಲೆ ನಮ್ಮ ಬಾಸ್ ಗಾವಂಡೆ ಸರ್ ಬಾಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಜಪ, "ಅಕ್ಷತಾ ಕೋ ಬುಲಾವ್." ಅಕ್ಷತಾಳನ್ನು ಕರೆಯಿರಿ ಅಂತ. ಅವಳು ಮಾಡುವುದು ಬಣ್ಣಬಣ್ಣದ ಚಾರ್ಟುಗಳು. ಬಟನ್ ಒತ್ತಿದರೆ ಕೆಂಪು, ಹಸಿರು, ಹಳದಿ ಕಂಬಗಳು ತಾವಾಗಿ ಮೇಲೇಳುತ್ತವೆ. ನೋಡಿದವರು ವಾಹ್ ಅನ್ನುತ್ತಾರೆ. ನಾನು ಮಾಡುವುದು ಯಾರ ಕಣ್ಣಿಗೂ ಬೀಳದ ಕೆಲಸ. ಲಾಗಿನ್, ಪಾಸ್‌ವರ್ಡ್, ಯಾರು ಯಾವ ಪುಟ ತೆರೆಯಬಹುದು, ಯಾರು ತೆರೆಯಬಾರದು, ಇಂಥವು. ಸರಿಯಾಗಿ ನಡೆದರೆ ಅದು ಅಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಮನೆಗೆ ಬಂದವರು ಗೋಡೆಯ ಬಣ್ಣ ಹೊಗಳುತ್ತಾರೆಯೇ ಹೊರತು ಒಳಚರಂಡಿ ಎಷ್ಟು ಚೆನ್ನಾಗಿದೆ ಅಂತ ಯಾರಾದರೂ ಹೇಳಿದ್ದಿದೆಯೇ?

ಆಫೀಸಿನ ಕಥೆ ಹೀಗಾದರೆ ಮನೆಯದು ಇನ್ನೂ ಚೆಂದ. ಒಂದು ಭಾನುವಾರ ಅಕ್ಷತಾ ಶೇಂಗಾ ಹೋಳಿಗೆ ಮಾಡಿಕೊಂಡು ನಮ್ಮ ಮನೆಗೆ ಬಂದಳು. ಅವ್ವನಿಗೆ ಸ್ವರ್ಗ ಮೂರೇ ಗೇಣು. ಅವಳು ಹೋದ ಮೇಲೆ, "ಎಷ್ಟ ಛಂದ ಮಾತಾಡ್ತೈತಿ ಕೂಸು! ನೀನೂ ಅದೀ ನೋಡು, ಅರ್ಧಾ ಮರಾಠಿ, ಅರ್ಧಾ ಹಿಂದಿ" ಅಂದಳು.

"ಹಂಗಾರ ಆಕೀನ್ನ ದತ್ತಕ ತಗೋ" ಅಂದೆ.

"ತಗೊಂತಿದ್ದೆ. ಆಕಿ ಅವ್ವ ಕೊಡಬೇಕಲ್ಲ" ಅಂದಳು ಅವ್ವ, ಇನ್ನೊಂದು ಹೋಳಿಗೆ ಮುರಿಯುತ್ತ.

ಇಷ್ಟರಲ್ಲಿ ನಮ್ಮ ಟೀಮ್ ಲೀಡರ್ ಕೆಲಸ ಬಿಟ್ಟು ಪುಣೆಗೆ ಹೊರಟರು. ಆ ಜಾಗಕ್ಕೆ ನಾನು ಎಷ್ಟೋ ವರ್ಷದಿಂದ ಆಸೆಪಟ್ಟಿದ್ದೆ. ಎರಡು ಸಲ ಹೊರಗಿನವರನ್ನು ತಂದು ನನ್ನ ತಲೆಯ ಮೇಲೆ ಕೂರಿಸಿದ್ದರು. ಈ ಸಲ ಗಾವಂಡೆ ಸರ್ ನಮ್ಮಿಬ್ಬರನ್ನೂ ಕರೆದು, "ನಿಮ್ಮಿಬ್ಬರಲ್ಲೇ ಒಬ್ಬರು. ಕಣ್ಣಿನ ಆಸ್ಪತ್ರೆಯ ಟ್ರಯಲ್ ಆಗಲಿ, ಆಮೇಲೆ ಹೇಳುತ್ತೇನೆ" ಅಂದರು. ನಿನ್ನೆ ಮೊನ್ನೆ ಬಂದವಳ ಜೊತೆ ನನ್ನನ್ನು ತಕ್ಕಡಿಗೆ ಹಾಕಿದರಲ್ಲ ಅಂತ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು.

ಆಸ್ಪತ್ರೆ ಇದ್ದದ್ದು ಸಿವಿಲ್ ಲೈನ್ಸ್ ಕಡೆ. ಅಲ್ಲಿ ಪೇಶಂಟುಗಳ ಹೆಸರು ಬರೆದು ನಂಬರ್ ಕೊಡುವ ಪೇಜ್ ನನ್ನದು, ದೀಪಾವಳಿಯಿಂದ ಒಂದು ತಕರಾರಿಲ್ಲದೆ ನಡೆಯುತ್ತಿತ್ತು. ಈಗ ಅಲ್ಲಿಯ ದೊಡ್ಡ ಡಾಕ್ಟರ್ ಮ್ಯಾಡಮ್‌ಗೆ ಹಳೆಯ ಆಪರೇಷನ್‌ಗಳದ್ದೆಲ್ಲ ಸೇರಿಸಿ ಒಂದು ರಿಪೋರ್ಟ್ ಬೇಕಿತ್ತು. ಅದು ಅಕ್ಷತಾಳ ಪಾಲಿಗೆ ಬಂತು. ಅಷ್ಟೆಲ್ಲ ದಾಖಲೆ ಜಾಲಾಡಿ ರಿಪೋರ್ಟ್ ಬರಲು ಐದಾರು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಕೌಂಟರಿನವರು ಕೈಕಟ್ಟಿ ಕೂರಬಾರದು ಅಂತ ಅವಳು ಅದನ್ನು ಹಿಂದುಗಡೆ ಓಡುವಂತೆ ಮಾಡಿದ್ದಳು. ಬಟನ್ ಒತ್ತಿದರೆ, 'ರಿಪೋರ್ಟ್ ತಯಾರಾಗುತ್ತಿದೆ, ನೀವು ನಿಮ್ಮ ಕೆಲಸ ಮುಂದುವರಿಸಿ' ಅಂತ ತೆರೆಯ ಮೂಲೆಯಲ್ಲಿ ಬರುತ್ತಿತ್ತು. ಆಫೀಸಿನಲ್ಲಿ ಅವಳು ತನ್ನ ಕಂಪ್ಯೂಟರಿನಲ್ಲಿ ರಿಪೋರ್ಟ್ ಒತ್ತಿದಳು, ಸರ್ ತಮ್ಮ ಕಂಪ್ಯೂಟರಿನಲ್ಲಿ ಸುಳ್ಳು ಪೇಶಂಟುಗಳ ಹೆಸರು ಹಾಕಿದರು. ಎಲ್ಲ ಸರಾಗ. ಸರ್ ಚಪ್ಪಾಳೆ ತಟ್ಟಿದರು.

ಟ್ರಯಲ್ ದಿನ ಸರ್, ಅಕ್ಷತಾ, ನಾನು ಮೂವರೂ ಆಸ್ಪತ್ರೆಗೆ ಹೋದೆವು. ಅಕ್ಷತಾ ಹೊಸ ಇಳಕಲ್ ಸೀರೆ ಉಟ್ಟಿದ್ದಳು, ಈ ಬಿಸಿಲಿನಲ್ಲಿ! ಅದೂ ಅವಳಿಗೆ ಒಪ್ಪುತ್ತಿತ್ತು ಅನ್ನುವುದೇ ನನ್ನ ಸಂಕಟ. ಮೊದಲನೇ ಕೌಂಟರಿನಲ್ಲಿ ಮಂದಾತಾಯಿ ಅಂತ ಒಬ್ಬ ಹೆಂಗಸು ಕೂರುತ್ತಾರೆ. ಡಾಕ್ಟರ್ ಮ್ಯಾಡಮ್ ಅವರ ಹಿಂದೆ ನಿಂತು, "ಒತ್ತಿ ನೋಡೋಣ" ಅಂದರು. ಮಂದಾತಾಯಿ ರಿಪೋರ್ಟಿನ ಬಟನ್ ಒತ್ತಿದರು. ಮೂಲೆಯಲ್ಲಿ ಸಂದೇಶ ಬಂತು. ಮ್ಯಾಡಮ್ ಮುಖ ಅರಳಿತು. ಅಕ್ಷತಾಳ ಮುಖ ಅದಕ್ಕಿಂತ ಅರಳಿತು. ನಾನು ಗೋಡೆಯ ಮೇಲಿದ್ದ ಕಣ್ಣಿನ ಚಿತ್ರ ನೋಡುತ್ತ ನಿಂತೆ.

ಮಂದಾತಾಯಿ ಮುಂದಿನ ಪೇಶಂಟನ್ನು ಕರೆದರು. ಕಪ್ಪು ಕನ್ನಡಕ ಹಾಕಿಕೊಂಡ ಒಬ್ಬ ಮುದುಕರು ಮಗಳ ಕೈ ಹಿಡಿದು ಬಂದರು. ಮಂದಾತಾಯಿ ನನ್ನ ಪೇಜಿನ ಮೇಲೆ ಕ್ಲಿಕ್ ಮಾಡಿದರು. ಚಕ್ರ ಸುತ್ತತೊಡಗಿತು. ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಅವರು ಮತ್ತೆ ಒತ್ತಿದರು, ಇನ್ನೊಂದು ಸಲ ಒತ್ತಿದರು. ಸಾಲಿನಲ್ಲಿದ್ದವರು ಗೊಣಗತೊಡಗಿದರು. ಮುದುಕರು ತಮ್ಮ ನಂಬರ್ ಬಂತೇ ಅಂತ ಮಗಳನ್ನು ಕೇಳುತ್ತಿದ್ದರು.

"ಜಯಶ್ರೀ ಮ್ಯಾಡಮ್, ತುಮಚಂ ಪೇಜ್ ಅಡಕಲಂ" ಅಂದರು ಮಂದಾತಾಯಿ. ನಿಮ್ಮ ಪೇಜ್ ಸಿಕ್ಕಿಹಾಕಿಕೊಂಡಿದೆ ಅಂತ. ಎಲ್ಲರಿಗೂ ಕೇಳುವ ಹಾಗೆ!

ಸರ್ ನನ್ನ ಕಡೆ ತಿರುಗಿದರು. "ಯೇ ಕ್ಯಾ ಹೈ ಜಯಶ್ರೀ? ಆಜ್ ಹೀ ಹೋನಾ ಥಾ?"

ಇದೇನಿದು, ಇವತ್ತೇ ಆಗಬೇಕಿತ್ತೇ ಅಂತ. ಸಾಲದ್ದಕ್ಕೆ ಅವರು ಡಾಕ್ಟರ್ ಮ್ಯಾಡಮ್‌ಗೆ, "ರಿಜಿಸ್ಟ್ರೇಶನ್‌ನಲ್ಲಿ ಏನೋ ತೊಂದರೆ ಇದೆ. ಅಕ್ಷತಾಳದ್ದು ಬರೋಬರ್ ಇದೆ" ಅಂದರು. ಅಕ್ಷತಾಳದ್ದು ಬರೋಬರ್! ಆ ಮಾತು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ದೀಪಾವಳಿಯಿಂದ ಕೆಡದ ನನ್ನ ಪೇಜ್ ಇವಳು ಬಂದ ದಿನವೇ ಯಾಕೆ ಕೆಡಬೇಕು? ಪಕ್ಕದ ಕೌಂಟರ್ ನೋಡಿದೆ, ಅಲ್ಲಿ ಅದೇ ಪೇಜ್ ಸರಸರ ಓಡುತ್ತಿತ್ತು. ನಿಂತದ್ದು ಮಂದಾತಾಯಿಯ ಕಂಪ್ಯೂಟರಿನಲ್ಲಿ ಮಾತ್ರ, ಅದೂ ರಿಪೋರ್ಟ್ ಬಟನ್ ಒತ್ತಿದ ಮೇಲೆ. ತಕ್ಷಣ ತಲೆಯಲ್ಲಿ ದೀಪ ಹತ್ತಿತು.

ಇದು ನನಗೆ ಗೊತ್ತಿದ್ದ ಕಾಯಿಲೆ. ಹಿಂದೊಮ್ಮೆ ಬೇರೊಂದು ಕೆಲಸದಲ್ಲಿ ನನಗೂ ಇದೇ ಕಾಟ ಕೊಟ್ಟಿತ್ತು. ಗೊತ್ತಿಲ್ಲದವರಿಗೆ ಸರಳವಾಗಿ ಹೇಳುತ್ತೇನೆ. ನೀವು ಲಾಗಿನ್ ಆದಾಗ ಸರ್ವರ್ ನಿಮ್ಮ ಹೆಸರಿನಲ್ಲಿ ಒಂದು ಸೆಷನ್ ತೆರೆಯುತ್ತದೆ, ನೀವು ಯಾರು, ಏನು ಮಾಡುತ್ತಿದ್ದೀರಿ ಅನ್ನುವ ನೆನಪು ಅದರಲ್ಲಿರುತ್ತದೆ. ನಿಮ್ಮ ಎರಡು ಕೆಲಸ ಒಟ್ಟಿಗೇ ಆ ನೆನಪನ್ನು ತಿದ್ದಿ ಗೊಂದಲವಾಗಬಾರದು ಅಂತ ಒಂದು ಸಲಕ್ಕೆ ಒಂದನ್ನೇ ಒಳಗೆ ಬಿಡುತ್ತದೆ. ನಮ್ಮ ಹಳೆಯ ಕ್ವಾರ್ಟರ್ಸಿನ ಒಂದೇ ಬಚ್ಚಲುಮನೆ ಇದ್ದ ಹಾಗೆ. ಒಳಗೆ ಹೋದವರು ಚಿಲಕ ಹಾಕಿಕೊಂಡರೆ ಉಳಿದವರು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ನಿಲ್ಲಬೇಕು. ಅಕ್ಷತಾಳ ರಿಪೋರ್ಟ್ ಒಳಗೆ ಹೋಗಿ ಐದಾರು ನಿಮಿಷ ಎಣ್ಣೆ ಸ್ನಾನ ಮಾಡುತ್ತಿತ್ತು. ನನ್ನ ಪೇಜ್ ಹೊರಗೆ ನಿಂತಿತ್ತು. ಆಫೀಸಿನಲ್ಲಿ ಇದು ಗೊತ್ತಾಗಲಿಲ್ಲ, ಯಾಕೆಂದರೆ ಅಲ್ಲಿ ಸರ್ ಬೇರೆ, ಅಕ್ಷತಾ ಬೇರೆ, ಇಬ್ಬರದೂ ಬೇರೆ ಬೇರೆ ಸೆಷನ್. ಇಲ್ಲಿ ಎರಡೂ ಕೆಲಸ ಮಂದಾತಾಯಿ ಒಬ್ಬರದೇ.

"ನನ್ನ ಪೇಜ್ ಸರಿಯಾಗಿಯೇ ಇದೆ ಸರ್" ಅಂದೆ, ಬೇಕಂತಲೇ ಜೋರಾಗಿ, ಹಿಂದಿಯಲ್ಲಿ. "ಅದನ್ನು ತಡೆದು ನಿಲ್ಲಿಸಿರುವುದು ಇವಳ ರಿಪೋರ್ಟ್."

ಎಲ್ಲರೂ ಅಕ್ಷತಾಳ ಕಡೆ ನೋಡಿದರು. ಅವಳ ಮುಖ ಬಿಳಚಿಕೊಂಡಿತು. ಸುಳ್ಳು ಯಾಕೆ ಹೇಳಲಿ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವಳು ವಾದಿಸಲಿ, ಆಫೀಸಿನಲ್ಲಿ ನಡೀತಿತ್ತಲ್ಲ ಅನ್ನಲಿ, ಇನ್ನೂ ನಾಲ್ಕು ಮಾತು ಹೇಳೋಣ ಅಂತ ಕಾದೆ. ಅವಳು ವಾದಿಸಲೇ ಇಲ್ಲ. ಸ್ಟೂಲ್ ಎಳೆದುಕೊಂಡು ಲ್ಯಾಪ್‌ಟಾಪ್ ತೆರೆದು, "ಹೆಂಗ ಸರಿ ಮಾಡೂದು ಹೇಳ್ರಿ ಅಕ್ಕಾರ. ಜಲ್ದಿ ಹೇಳ್ರಿ, ಅಜ್ಜಾರು ನಿಂತಾರ" ಅಂದಳು.

'ಸದ್ಯಕ್ಕೆ ರಿಪೋರ್ಟ್ ತೆಗೆದುಹಾಕೋಣ, ಆಫೀಸಿಗೆ ಹೋಗಿ ನೋಡೋಣ' ಅಂತ ನಾನು ಅಂದಿದ್ದರೆ ಸಾಕಿತ್ತು. ಯಾರೂ ತಪ್ಪು ಅನ್ನುತ್ತಿರಲಿಲ್ಲ. ಕೌಂಟರ್ ನಡೆಯುತ್ತಿತ್ತು, ಅವಳ ಟ್ರಯಲ್ ಕೆಡುತ್ತಿತ್ತು, ಲೀಡರ್ ಜಾಗ ನನ್ನದಾಗುತ್ತಿತ್ತು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅವಳ ಲ್ಯಾಪ್‌ಟಾಪ್ ಕಡೆ ನೋಡಿದೆ. ಒಂದೇ ಸಾಲನ್ನು ಬರೆಯುತ್ತಿದ್ದಳು, ಅಳಿಸುತ್ತಿದ್ದಳು. ಹಿಂದೆ ಇದೇ ಕಾಯಿಲೆ ನನಗೆ ಗಂಟುಬಿದ್ದಾಗ ನಾನೂ ಹೀಗೇ ಬರೆದು ಬರೆದು ಅಳಿಸಿದ್ದೆ. ಹೇಳಿಕೊಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಕನಿಕರ ಬಂತು ಅಂತ ಹೇಳಲಾರೆ. ಬಂದದ್ದು ಸಿಟ್ಟು, ನನಗೆ ಯಾರೂ ಹೇಳಿಕೊಡಲಿಲ್ಲವಲ್ಲ ಅನ್ನುವ ಸಿಟ್ಟು. ಆ ಸಿಟ್ಟಿನಲ್ಲೇ ಬಾಯಿ ಬಿಟ್ಟೆ.

"ಮೊದ್ಲ ಓಡಾಕತ್ತಿದ್ದ ರಿಪೋರ್ಟ್ ನಿಲ್ಲಸು. ಆಮ್ಯಾಲ ಕೋಡ್ ತೆಗಿ. ಲಾಗಿನ್ ಆದವರು ಯಾರು, ಅಷ್ಟು ಸೆಷನ್‌ದಾಗಿಂದ ತಗೋ. ತಗೊಂಡ ಕೂಡಲೇ ಸೆಷನ್ ಬಿಟ್ಟಬಿಡು. ಬಿಟ್ಟ ಮ್ಯಾಲನ ಹುಡುಕೂ ಕೆಲಸ ಶುರು ಆಗಬೇಕು."

"ಬಿಟ್ಟ ಮ್ಯಾಲ ಅದರಾಗ ಏನರೆ ಬರೀಬೇಕಂದ್ರ ಆಗಂಗಿಲ್ಲಲ್ರಿ?"

"ಬರೆಯೂದಿದ್ರ ಬಿಡೂಕಿಂತ ಮೊದ್ಲ ಬರಕೋ. ಶಾಣ್ಯಾತನ ಆಮ್ಯಾಲ, ಈಗ ಟೈಪ್ ಮಾಡು."

ಸೇರಿಸಬೇಕಾಗಿದ್ದದ್ದು ಒಂದೇ ಸಾಲು. ಸೇರಿಸಿದಳು. ಮಂದಾತಾಯಿ ರಿಪೋರ್ಟ್ ಮತ್ತೆ ಒತ್ತಿ, ಹೆದರುತ್ತಲೇ ನನ್ನ ಪೇಜಿನ ಮೇಲೆ ಕ್ಲಿಕ್ ಮಾಡಿದರು. ಪಟ್ಟನೆ ತೆರೆಯಿತು. ಮುದುಕರಿಗೆ ನಂಬರ್ ಸಿಕ್ಕಿತು. ರಿಪೋರ್ಟ್ ತನ್ನ ಪಾಡಿಗೆ ಹಿಂದುಗಡೆ ಓಡಿ, ಸ್ವಲ್ಪ ಹೊತ್ತಿಗೆ ಕೆಂಪು ಹಸಿರು ಕಂಬಗಳು ಎದ್ದವು.

"ಶಾಬಾಶ್ ಅಕ್ಷತಾ!" ಅಂದರು ಗಾವಂಡೆ ಸರ್. "ದೋ ಮಿನಿಟ್ ಮೇಂ ಠೀಕ್ ಕರ್ ದಿಯಾ!"

ಎರಡೇ ನಿಮಿಷದಲ್ಲಿ ಸರಿ ಮಾಡಿದಳಂತೆ, ಟೈಪ್ ಮಾಡಿದವಳು ಅವಳಲ್ಲವೇ! ನಾವು ಕನ್ನಡದಲ್ಲಿ ಏನು ಮಾತಾಡಿದೆವು ಅಂತ ಅವರಿಗೇನು ಗೊತ್ತು? ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಅಕ್ಷತಾ, "ನಹೀಂ ಸರ್, ಉಂಗಲಿ ಮೇರೀ ಥೀ, ದಿಮಾಗ್ ಅಕ್ಕಾ ಕಾ ಥಾ" ಅಂದಳು. ಬೆರಳು ನನ್ನದು, ಬುದ್ಧಿ ಅಕ್ಕನದು ಅಂತ. ಡಾಕ್ಟರ್ ಮ್ಯಾಡಮ್ ಅವಳ ಬೆನ್ನು ತಟ್ಟಿ, ಎಂಥ ವಿನಯದ ಹುಡುಗಿ ಅಂತ ಇನ್ನೂ ಹೊಗಳಿದರು. ಮುಗಿಯಿತಲ್ಲ ಕಥೆ!

ಮನೆಗೆ ಹೋಗಿ ಅವ್ವನ ಮುಂದೆ ಎಲ್ಲ ತೋಡಿಕೊಂಡೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು, "ಅಯ್ಯ ಪಾಪ, ಎಷ್ಟ ಗಾಬರಿ ಆಗಿದ್ದೀತು ಆ ಕೂಸಿಗೆ!" ಅಂದಳು. ಆ ದಿನ ನಾನು ಊಟ ಮಾಡಲಿಲ್ಲ.

ಆ ವಾರದ ಕೊನೆಗೆ ಸರ್ ನನ್ನನ್ನು ಕ್ಯಾಬಿನ್‌ಗೆ ಕರೆದರು. ಸಮಾಧಾನದ ಮಾತು ಹೇಳಲು ಕರೆದಿದ್ದಾರೆ ಅಂದುಕೊಂಡು, ಅಳಬಾರದು ಅಂತ ಗಟ್ಟಿ ಮನಸ್ಸು ಮಾಡಿ ಹೋದೆ. ಅವರು, "ಸೋಮವಾರದಿಂದ ಟೀಮ್ ನಿಮ್ಮದು" ಅಂದರು. ಅಕ್ಷತಾ ಎರಡು ಸಲ ಬಂದು ಜಗಳವಾಡಿದಳಂತೆ. ಅಂದು ಜಯಶ್ರೀ ಅಕ್ಕ ಅಲ್ಲಿ ಇರದಿದ್ದರೆ ಏನಾಗುತ್ತಿತ್ತು ಹೇಳಿ ಅಂತ ಕೇಳಿದಳಂತೆ. ಅದು ನಿಜವೇ ಅಂತ ತಾವೂ ಒಪ್ಪಿದ್ದಾಗಿ ಹೇಳಿದರು ಸರ್.

ಕುಣಿಯಬೇಕಾಗಿತ್ತು ನಾನು. ಆದರೆ ಹೊರಗೆ ಬರುವಾಗ ಮನಸ್ಸಿನಲ್ಲಿದ್ದದ್ದು ಒಂದೇ: ಅಯ್ಯೋ, ಇದನ್ನೂ ಅವಳೇ ಕೊಟ್ಟ ಹಾಗಾಯಿತಲ್ಲ!

"ಪಾರ್ಟಿ ಕೊಡ್ರಿ ಅಕ್ಕಾರ" ಅಂತ ಅಕ್ಷತಾ ಗಂಟುಬಿದ್ದಳು. ಬೀದಿ ಬದಿಯ ಗಾಡಿಯಲ್ಲಿ ತರ್ರಿ ಪೋಹಾ ಕೊಡಿಸಿದೆ. ಅವಲಕ್ಕಿಯ ಮೇಲೆ ಕಡಲೆಯ ಕೆಂಪು ಖಾರದ ರಸ ಸುರಿದುಕೊಡುತ್ತಾರೆ, ನಾಗಪುರದವರಿಗೆ ಅದೇ ಅಮೃತ. ಅವಳ ಕಣ್ಣಲ್ಲಿ ಮೂಗಲ್ಲಿ ನೀರು. ನನಗೆ ತಡೆಯಲಾಗಲಿಲ್ಲ.

"ಯಾಕ ಹಂಗ ಮಾಡಿದಿ? ದೊಡ್ಡಾಕಿ ಅನಿಸಿಕೊಳ್ಳಬೇಕಿತ್ತೇನು?" ಅಂದೆ.

ಅವಳು ಮೂಗು ಒರೆಸಿಕೊಂಡು ನಕ್ಕಳು. "ಎಲ್ಲೀ ದೊಡ್ಡಾಕ್ರಿ? ನಿಮ್ಮ ಮ್ಯಾಲ ನನಗ ಎಷ್ಟ ಹೊಟ್ಟಿಕಿಚ್ಚೈತಿ ಗೊತ್ತೇನ್ರಿ ಅಕ್ಕಾರ? ನನಗ ಬಣ್ಣಾ ಹಚ್ಚೂ ಕೆಲಸ ಕೊಡ್ತಾರ, ಏನರೆ ಕೆಟ್ಟರ ನಿಮ್ಮನ್ನ ಕರೀತಾರ. ಆವಾಗ ನನ್ನ ಯಾರೂ ಕರಿಯಂಗಿಲ್ಲ. ದಿನಾ ಮನಿಗೆ ಹೋಗಿ ನಮ್ಮ ಮನಿಯವರ ಮುಂದ ನಿಮ್ಮನ್ನ ಬೈತೀನಿ. ಈಗ ನಿಮ್ಮ ಕೈಕೆಳಗ ಕೂತು ಎಲ್ಲಾ ಕಲ್ಕೊಂಬಿಡ್ತೀನಿ. ಆಮ್ಯಾಲ ನೋಡ್ರಿ ನಿಮ್ಮನ್ನ ಹೆಂಗ ಹಿಂದ ಹಾಕ್ತೀನಿ!"

ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ನನಗೂ ಹಾಗೇ ಇದೆ ಮಾರಾಯ್ತಿ, ನಾನೂ ಅವ್ವನ ಮುಂದೆ ನಿನ್ನನ್ನೇ ಬೈಯುತ್ತೇನೆ ಅಂತ ಅಂದುಬಿಟ್ಟಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಅದರ ಬದಲು, "ತಿನ್ನು, ಆರಿ ಹೋಗ್ತೈತಿ" ಅಂದೆ.

ಈಗ ಅವಳು ನನ್ನ ಪಕ್ಕದಲ್ಲೇ ಕೂರುತ್ತಾಳೆ. ನುಡಿದಂತೆ ಮುಕ್ಕಾಲು ಪಾಲು ಕಲಿತೂಬಿಟ್ಟಿದ್ದಾಳೆ. ಅವಳು ಪ್ರಶ್ನೆ ಕೇಳಿದಾಗಲೆಲ್ಲ, ಪೂರ್ತಿ ಹೇಳಬೇಡ ಅಂತ ಒಳಗೊಂದು ದನಿ ಎಳೆಯುತ್ತದೆ. ಹೇಳಿಕೊಡುತ್ತೇನೆ, ಆಮೇಲೆ ಕೈ ಕೈ ಹಿಸುಕಿಕೊಳ್ಳುತ್ತೇನೆ. ಮನಸ್ಸಿನಲ್ಲಿದ್ದದ್ದನ್ನು ಅಷ್ಟು ಸಲೀಸಾಗಿ ನಗುತ್ತ ಹೇಳಿ ಹಗುರಾದಳಲ್ಲ, ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಅಸೂಯೆ ಅದರ ಮೇಲೆ. ಅವಳ ಮುಖ ನೋಡಿಕೊಂಡು ಹೇಳಲು ನನಗೆ ಇವತ್ತಿಗೂ ಆಗಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಕ್ಷತಾ, ನನಗೂ ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು. ಇತ್ತು ಅನ್ನುವುದೇನು ಬಂತು, ಈಗಲೂ ಇದೆ.