ಮಾಸ್ತರರ ಎಡಗೈ ಬ್ರೇಕು

ಬಾಗೇವಾಡಿಗೆ ವರ್ಗವಾಗಿ ಬಂದ ಹೊಸತು. ನನ್ನ ಮನೆ ಮಾಲೀಕರು ರಿಟೈರಾದ ಸಾಲಿ ಮಾಸ್ತರರು. ಅವರ ಸೈಕಲ್ಲಿನ ಎರಡೂ ಬ್ರೇಕ್ ತಂತಿಗಳನ್ನು ಎಡಗೈ ಲಿವರಿಗೇ ಬಿಗಿದಿದ್ದರು. ಬಲಗೈ ಲಿವರ್ ಖಾಲಿ. ಇದ್ಯಾವ ಮೆಕ್ಯಾನಿಕ್‌ನ ತಲೆಯೋ ಅಂದುಕೊಂಡು, ಭಾನುವಾರ ಅವರು ಮಲಗಿದ್ದಾಗ ಅಂಗಳದಲ್ಲಿ ಪಾನಾ ಹಿಡಿದು ಕೂತೆ. ಮುಂದಿನ ಬ್ರೇಕಿನ ತಂತಿಯನ್ನು ಬಲಕ್ಕೆ ಕೊಟ್ಟೆ. ರಬ್ಬರಿಗೂ ರಿಮ್ಮಿಗೂ ನಡುವೆ ಒಂದು ಜೋಳದ ಕಾಳಿನಷ್ಟೇ ಸಂದು ಇರುವಂತೆ ನಟ್ಟು ಬಿಗಿದೆ.

ಸಂಜೆ ಮಾಸ್ತರರು ಸೈಕಲ್ ನೂಕಿಕೊಂಡು ಬಂದರು. ಧೋತರದ ತುಂಬ ತೊಗರಿ ಹೊಟ್ಟು.

"ಬ್ರೇಕ್ ಮುಟ್ಟಿದವ್ರು ಯಾರ್ರಿ?"

"ನಾನೇ ಸರ್. ಸರಿ ಮಾಡಿದೆ."

"ಭಾಳ ಛಲೋ ಮಾಡೀರಿ. ಎಡಗೈಲೆ ಒತ್ತಿದ್ರ ಹಿಂದಿನ ಗಾಲಿ ಅಷ್ಟ ಹಿಡೀತು, ಸೀದಾ ಹೊಟ್ಟಿನ ರಾಶ್ಯಾಗ ಹೋಗಿ ಬಿದ್ದೆ."

"ಬಲಗೈ ಬ್ರೇಕ್ ಹಿಡಿಯಲಿಲ್ಲವಾ?"

ಅವರು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು. "ಅಲ್ರಿ, ಊರ ತುಂಬ ನನ್ನ ಕಡೆ ಕಲ್ತವ್ರೇ ಅದಾರ. ಹೆಜ್ಜಿಗೊಬ್ರು ಶರಣ್ರಿ ಅಂತಾರ. ಬಲಗೈಲೆ ಬ್ರೇಕ್ ಹಿಡ್ಕೊಂಡು, ಅವ್ರಿಗೆ ಎಡಗೈಲೆ ಶರಣು ಮಾಡ್ಲೇನು?"

ತಂತಿ ಆಗಲೇ ಎಡಕ್ಕೆ ಮರಳಿತು. ಮರುದಿನ ನನ್ನ ಸೈಕಲ್ಲಿಗೂ ಹಾಗೇ ಮಾಡಿಕೊಂಡೆ. ಶರಣ್ರಿ ಅನ್ನುವವರು ಇನ್ನೂ ಯಾರೂ ಸಿಕ್ಕಿಲ್ಲ. ಬಲಗೈ ಮಾತ್ರ ತಯಾರಿದೆ.